ಮಂಡಿಯೂರಿದ ಮಗು

ನಿಮ್ಮ ಮಗುವಿಗೆ ನಿಮ್ಮ ನುಡಿಯಲ್ಲಿ ನಮಸ್ಕಾರವನ್ನಷ್ಟೇ ಕಲಿಸಿ ಕೈತೊಳೆದುಕೊಂಡಿರೇಕೆ?

ನೈಜೀರಿಯಾದ ಇಸೆಯಿನ್ ಊರಿನ ಹಿತ್ತಲಲ್ಲಿ ಅಜ್ಜಿ ಅಬೆನಿ ಮೊಮ್ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. "ಎದೆ ಹಿಂಡ್ತಿದೆ ಕಣೇ, ನಿಮ್ಮಮ್ಮನ್ನ ಕರಿ!" ಲಾಗೋಸ್‌ನಲ್ಲಿ ಇಂಗ್ಲಿಷಿನಲ್ಲೇ ಬೆಳೆದ ಇರೆವಾಮಿಗೆ ಅಜ್ಜಿಯಾಡುವ ಯೊರುಬಾ ನುಡಿಯಲ್ಲಿ ಗೊತ್ತಿದ್ದುದು ಎರಡೇ ಮಾತು. ಅವಳು ಅಂದವಾಗಿ ಮಂಡಿಯೂರಿ, "ಎ ಕಾರೊ, ಮಾಮಾ" ಎಂದು ಅಜ್ಜಿಗೆ ಶುಭೋದಯ ಹೇಳಿದಳು.

"ಅಮ್ಮನ್ನ ಕರಿಯೇ, ನನ್ನ ತಾಯೀ!"

"ಎ ಶೆ, ಮಾಮಾ" ಎಂದು ಧನ್ಯವಾದವನ್ನೂ ಹೇಳಿದಳು.

ಕಿಟಕಿಯಿಂದ ಮಗಳ ಬೆನ್ನನ್ನಷ್ಟೇ ಕಂಡ ತಾಯಿ ನೆರೆಯವಳೆದುರು ಬೀಗಿದಳು: "ಹೆಂಗೆ ಮಂಡಿ ಊರ್ತಾಳೆ ನೋಡ್ರೀ! ಇಷ್ಟು ಯೊರುಬಾ ಸಾಕು ಬಿಡಿ."

ಅಜ್ಜಿಯ ಹಿಡಿತ ಸಡಿಲವಾಯಿತು, ಕೈ ಜಾರಿತು. ಮಗು ಕದಲಲಿಲ್ಲ, ಹಿರಿಯರು 'ಏಳು' ಎನ್ನುವವರೆಗೆ ಏಳಬಾರದೆಂದು ಅವಳಿಗೆ ಕಲಿಸಿದ್ದರು.

ದಯವಿಟ್ಟು ಇಂದೇ ನಿಮ್ಮ ಮಗುವಿಗೆ 'ನೋವು' ಎಂಬ ಮಾತನ್ನು ಕಲಿಸಿ.