ಪಾಲಿನ ಪಂಪು

ಎರಡು ಅಣುಸ್ಥಾವರಗಳ ಮಾಲೀಕರು ಸೇರಿ ಕೊಂಡಿದ್ದು ಒಂದೇ ಒಂದು ಬದಲಿ ಪಂಪು. ಕೋಟಿಗಟ್ಟಲೆ ಬೆಲೆಯದು. ಯಾರ ಪಂಪು ಮೊದಲು ಕೆಟ್ಟಿತೋ ಅವರಿಗೆ ಕೊಡಬೇಕೆಂಬುದು ಕರಾರು.

ಅದು ಇದ್ದದ್ದು ಚಿದಂಬರ ಮುಖ್ಯಸ್ಥನಾಗಿದ್ದ ಸ್ಥಾವರದ ಉಗ್ರಾಣದಲ್ಲಿ. ಆದರೆ ಹೆಸರೆಲ್ಲ ಪಕ್ಕದ ಸ್ಥಾವರದ ಮುಖ್ಯಸ್ಥೆ ಸುಲೋಚನಾಳದು. ಅವಳ ಸ್ಥಾವರ ಒಂದು ದಿನವೂ ನಿಲ್ಲದೆ ನಾನೂರು ದಿನ ನಡೆದಿತ್ತು, ಇವನ ಸ್ಥಾವರಕ್ಕಿಂತ ಹತ್ತೇ ದಿನ ಹೆಚ್ಚು. ಅವಳ ಫೋಟೋ ಪತ್ರಿಕೆಯಲ್ಲಿ ಬಂದ ದಿನ ಇವನಿಗೆ ಊಟ ಸೇರಿರಲಿಲ್ಲ.

ಈವತ್ತು ಅವಳೇ ಫೋನು ಮಾಡಿದಳು.

"ಸಾರ್, ನಮ್ಮದೊಂದು ಪಂಪು ಮೊನ್ನೆ ಕೆಟ್ಟೋಯ್ತು. ಬದಲಿ ಕಳಿಸ್ಕೊಡಿ. ನಾಳೆಯೊಳಗೆ ಕೂರಿಸದಿದ್ರೆ ಸ್ಥಾವರ ನಿಲ್ಲಿಸ್ಬೇಕಾಗುತ್ತೆ."

"ಅಯ್ಯೋ ಮೇಡಂ, ನಮ್ಮದು ಕೆಟ್ಟು ನಾಲ್ಕು ದಿನ ಆಯ್ತಲ್ಲ!"

"ಹೌದಾ? ಹೇಳ್ಲೇ ಇಲ್ವಲ್ಲ ನೀವು."

"ಬೇಕಾದ್ರೆ ಬರೆದು ಕೊಡ್ತೀನಿ."

ತನ್ನ ಪಂಪುಗಳೆಲ್ಲ ಚೆನ್ನಾಗೇ ಓಡುತ್ತಿದ್ದರೂ ಬರೆದೂ ಕೊಟ್ಟ. ಸುರಕ್ಷತಾ ಇಲಾಖೆಗೂ ಒಂದು ಪ್ರತಿ ಹೋಯಿತು. ನಾಳೆಗೆ ಅವಳ ನಾನೂರು ದಿನ ಸೊನ್ನೆಯಾಗುತ್ತದೆಂದು ಚಿದಂಬರ ಬಹಳ ದಿನದ ಮೇಲೆ ರುಚಿಯಾಗಿ ಕಾಫಿ ಕುಡಿದ.

ಸಂಜೆ ಇಲಾಖೆಯ ಅಧಿಕಾರಿಯ ಕರೆ ಬಂತು.

"ಏನ್ರೀ, ಕೆಟ್ಟ ಪಂಪು ಇಟ್ಕೊಂಡು ಮೂರು ದಿನಕ್ಕಿಂತ ಹೆಚ್ಚು ನಡೆಸೋ ಹಾಗಿಲ್ಲ ಅಂತ ಗೊತ್ತಿಲ್ವಾ? ಈಗಿಂದೀಗ್ಲೇ ಸ್ಥಾವರ ನಿಲ್ಸಿ. ನಿಂತ ಮೇಲೆ ನಿಮಗೇನೂ ಅವಸರ ಇಲ್ಲವಲ್ಲ, ಪಂಪನ್ನ ಪಕ್ಕದವರಿಗೆ ಕಳಿಸಿ."