ಬೆಚ್ಚಗಿನ ಮೈ

“ನೋವಾಗ್ತಿದೆಯಾ ಅಂತ ಒಂದು ಮಾತು ಕೇಳೋಕಾಗಲ್ವಾ ನಿನಗೆ? ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯಾ?” ಮಸಾಜ್ ಕಲಿಸುವ ಮೇಡಂ ಉರಿದುಬಿದ್ದರು.

“ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ಹೆಣ ತೊಳೆದವಳು ನಾನು. ಅವರ್ಯಾರೂ ನೋವು ಅಂದವರಲ್ಲ,” ಎಂದಳು ಲಕ್ಕವ್ವ. “ಇನ್ನಾದರೂ ಬೆಚ್ಚಗಿನ ಮೈ ಮುಟ್ಟೋಣ ಅಂತ ಇಲ್ಲಿಗೆ ಬಂದೆ.”

ಮೇಡಂ ತಣ್ಣಗಾದರು. ತಾವೇ ಮೇಜಿನ ಮೇಲೆ ಮಲಗಿದರು. “ನನಗೇ ಮಾಡಿ ತೋರಿಸು. ಇದೇ ನಿನ್ನ ಪರೀಕ್ಷೆ.”

ಲಕ್ಕವ್ವ ಎಣ್ಣೆ ಹಚ್ಚಿ ಕತ್ತಿನಿಂದ ಪಾದದವರೆಗೆ ತಿಕ್ಕಿದಳು. ಗಳಿಗೆಗೊಮ್ಮೆ “ನೋವಾಯ್ತಾ ಮೇಡಂ?” ಎಂದು ಕೇಳಿದಳು.

“ಕೈ ಅಂದ್ರೆ ಇದು. ಪಾಸಾದೆ ಕಣೇ,” ಮೇಡಂ ಕಣ್ಣು ಮುಚ್ಚಿಕೊಂಡೇ ನಕ್ಕರು. “ಅಲ್ಲಾ, ನನ್ನ ಕಾಲು ಯಾಕೆ ಅಗಲಿಸೋಕೇ ಬರ್ತಿಲ್ಲ?”

ಲಕ್ಕವ್ವ ಪಾದದ ಕಡೆ ನೋಡಿದಳು. ಮೇಡಂನ ಎರಡೂ ಹೆಬ್ಬೆರಳು ಜೋಡಿಸಿ ತನ್ನ ಕೈಗಳೇ ಯಾವಾಗಲೋ ಕಟ್ಟಿದ್ದ ಬಟ್ಟೆಚೂರನ್ನು ಬಿಚ್ಚಿ, ಹೊರಟುಹೋದವಳು ಮತ್ತೆ ಬರಲಿಲ್ಲ.