ತಂಡದ ಟಗರು

ಲಾಕ್‌ಡೌನ್ ಶುರುವಾದಾಗಿನಿಂದ ನಿಲಾಯ್ ಪಟ್ಟಣದ ಈ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಫಿನಾಯಿಲ್ ಹಾಕಿ ನೆಲ ಒರೆಸುತ್ತೇನೆ. ಆ ವಾಸನೆಗೆ ಬಾಲ್ಯದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಸೆರೆಂಬಾನ್ ಊರಿನಲ್ಲಿ ಅಪ್ಪ ಕಲಿಸುತ್ತಿದ್ದ ಕಾಲೇಜು ಫ್ಲೂ ಹಬ್ಬಿ ಮುಚ್ಚಿತ್ತು. ಪ್ರತಿ ಪಂದ್ಯಕ್ಕೂ ಮುಂಚೆ ಮೈದಾನ ಸುತ್ತುತ್ತಿದ್ದ ಫುಟ್‌ಬಾಲ್ ತಂಡದ ಟಗರು ನಮ್ಮ ಹಿತ್ತಲಲ್ಲಿತ್ತು. “ನೀವು ವೆಜಿಟೇರಿಯನ್ ಸರ್, ನಿಮ್ಮಲ್ಲೇ ಸೇಫ್ ಲಾ” ಎಂದು ಅಲ್ಲಿಯವರ ಮಾತಿನಂತೆ ‘ಲಾ’ ಸೇರಿಸಿ ಹುಡುಗರು ನಗುತ್ತ ಕಟ್ಟಿಹೋಗಿದ್ದರು.

ನಾನು ಅದರ ಒರಟು ಉಣ್ಣೆ ಬಾಚುತ್ತಿದ್ದಾಗ ಕಾಲೇಜು ಹಾಸ್ಟೆಲ್‌ನ ಅಡುಗೆಯವನು ಅಪ್ಪನ ಬಳಿ ಬಂದ. ಅವನ ಬಟ್ಟೆಯೆಲ್ಲ ಫಿನಾಯಿಲ್ ನಾತ.

“ಹಾಸ್ಟೆಲ್‌ನಲ್ಲೇ ಉಳಿದಿರೋ ಟೀಮ್ ಪೂರ್ತಿ ಜ್ವರದಲ್ಲಿ ಮಲಗಿದೆ ಸರ್. ಡಾಕ್ಟ್ರು ಸೂಪ್ ಕೊಡಿ ಅಂದ್ರು. ಪೇಟೇಲಿ ಮಾಂಸ ಸಿಗ್ತಿಲ್ಲ.”

ನಾನು ಟಗರಿನ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೆ. ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಹಗ್ಗದಿಂದ ಬಿಡಿಸಿ, ಹಗ್ಗವನ್ನು ಅವನಿಗೆ ಕೊಟ್ಟರು.

“ಯಾವುದರ ಸೂಪ್ ಅಂತ ಹುಡುಗರಿಗೆ ಹೇಳ್ಬೇಡ” ಎಂದರು.